ಅಡಿವೆಪ್ಪ ಮಾಸ್ತರರ ವಜೀರ ಸಿದ್ಧಾಂತ

ತೊಂಬತ್ತರ ದಶಕದಲ್ಲಿ ಸುರೇಬಾನದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಅಡಿವೆಪ್ಪ ಮಾಸ್ತರರು ಸಂಜೆ ಮಕ್ಕಳಿಗೆ ಚೆಸ್ ಕಲಿಸುತ್ತಿದ್ದುದೂ ವಿಜ್ಞಾನದ ರೀತಿಯಲ್ಲೇ. ಕಾಯಿ ಸರಿಸುವ ಮೊದಲು ಊಹೆ ಹೇಳಬೇಕು, ಸರಿಸಿದ ಮೇಲೆ ಫಲಿತಾಂಶ ಹೇಳಬೇಕು. ಕುದುರೆ ಹೋಯಿತೆಂದು ಯಾರಾದರೂ ಕಣ್ಣೀರು ತಂದರೆ, "ಅಳಬ್ಯಾಡ್ರೋ, ಕಾರಣ ಹುಡುಕ್ರಿ" ಎನ್ನುವರು. ಚಹಾ ಕುಡಿದು ಒಂದಾಟ, ಕುಡಿಯದೆ ಒಂದಾಟ ಆಡಿ, ಎರಡನ್ನೂ ಸೋತು, "ಚಹಾದ್ದೇನೂ ತಪ್ಪಿಲ್ಲ ಅಂತ ಸಿದ್ಧ ಆತು" ಎಂದು ಇನ್ನೊಂದು ಕಪ್ ತರಿಸುವರು. "ಸಾರಿಗೆ ಉಪ್ಪು ಹಾಕೇನಿ ಅಂದ್ರೂ ಪುರಾವೆ ಕೇಳತಾರ್ರಿ" ಎಂದು ಹೆಂಡತಿ ರಾಚವ್ವ ಓಣಿಗೆಲ್ಲ ಹೇಳಿಕೊಂಡು ನಗುವರು. ವಜೀರನನ್ನು, ಅಂದರೆ ಚೆಸ್ಸಿನ ರಾಣಿಯನ್ನು, ಕಳಕೊಂಡವರು ಗೆಲ್ಲಲಾರರು ಎಂಬುದು ಮಾಸ್ತರರದೇ ಸಿದ್ಧಾಂತ. ಅದರ ಮೇಲೆ ಅವರಿಗೆ ಹೆತ್ತ ಮಗುವಿನಷ್ಟು ಮಮತೆ. ಒಂದು ಸಂಜೆ ಎಂಟನೇ ತರಗತಿಯ ಜನ್ನತ ಬೇಕಂತಲೇ ವಜೀರನನ್ನು ಬಿಟ್ಟುಕೊಟ್ಟು, ಮುಂದಿನ ನಡೆಯಲ್ಲೇ ಕುದುರೆಯಿಂದ ಮಾಸ್ತರರ ರಾಜನನ್ನು ಕಟ್ಟಿಹಾಕಿ ಆಟ ಗೆದ್ದಳು. "ತಪ್ಪಾತೇನ್ರಿ ಸರ?" ಎಂದು ಅಂಜುತ್ತ ಕೇಳಿದಳು. ಮಾಸ್ತರರು ರಾಜನ ಸುತ್ತಲಿನ ಮನೆಗಳನ್ನು ಒಂದೊಂದಾಗಿ ಬೆರಳಿಟ್ಟು ಪರೀಕ್ಷಿಸಿದರು. ಆಮೇಲೆ ದಡಬಡಿಸಿ ಹೊರಗೋಡಿ, "ನನ್ನ ಸಿದ್ಧಾಂತ ಸುಳ್ಳಾತು, ನೋಡಬರ್ರಿ!" ಎಂದು ಹೆಡ್‌ಮಾಸ್ತರರಿಂದ ಹಿಡಿದು ಬಸ್ಸಿಗೆ ಕಾಯುತ್ತಿದ್ದವರ ತನಕ ಎಲ್ಲರನ್ನೂ ಕರೆತಂದರು. "ಒಮ್ಮಿ ಆದ್ರ ಸಾಲೂದಿಲ್ಲ ತಂಗಿ, ಇನ್ನೊಮ್ಮಿ ಮಾಡಿ ತೋರಸು" ಎನ್ನುತ್ತ ಕಾಯಿಗಳನ್ನು ಜೋಡಿಸಿ, ಅಷ್ಟೂ ಜನರ ಮುಂದೆ ಮತ್ತೆ ಸೋಲಲು ಖುಷಿಯಿಂದ ಕುಳಿತರು.