ಬಾಯಿ ತುಂಬ ಚಪಾತಿ

ಮನುಷ್ಯನ ಗುಟ್ಟು ಅವನ ಎದೆಯಲ್ಲಿ ಹುಟ್ಟಿ, ಅವನ ಜೊತೆಯಲ್ಲೇ ಮಣ್ಣಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಅವರು ಕೆ.ಆರ್. ನಗರದವರಲ್ಲ. ನಮ್ಮೂರ ಗುಟ್ಟುಗಳೆಲ್ಲ ಇದ್ದದ್ದು ಬ್ರೋಕರಮ್ಮನವರ ಎಡಗೆನ್ನೆಯಲ್ಲಿ, ಎಲೆಅಡಿಕೆಯ ಜೊತೆಗೆ. ಆ ಕೆನ್ನೆ ಸದಾ ನಿಂಬೆಹಣ್ಣಿನಷ್ಟು ಉಬ್ಬಿರುತ್ತಿತ್ತು. ಬಲಗೈಯ ತೋರುಬೆರಳ ತುದಿಯಲ್ಲಿ ಸದಾ ಸುಣ್ಣ.

ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ನಾಲ್ಕು ತಾಲ್ಲೂಕುಗಳಲ್ಲಿ ಹೆಣ್ಣು ಗಂಡು ಕೂಡಿಸುವುದು ಅವರ ಕಸುಬು. ಗಂಡಿನ ನಿಜವಾದ ಸಂಬಳ, ಹೆಣ್ಣಿನ ನಿಜವಾದ ವಯಸ್ಸು, ಪಹಣಿಯಲ್ಲಿ ಇರುವ ನಿಜವಾದ ಹೆಸರು, ಎಲ್ಲ ಅವರಿಗೆ ಗೊತ್ತು. ಕೇಳಬಾರದ್ದನ್ನು ಯಾರಾದರೂ ಕೇಳಿದರೆ ಸೊಂಟದ ಚೀಲ ಬಿಚ್ಚಿ, ಎರಡು ಎಲೆ ಮಡಿಸಿ ಬಾಯಿಗಿಟ್ಟು, ಸುಣ್ಣದ ಬೆರಳೆತ್ತಿ ‘ತಾಳಿ’ ಎಂದು ಸನ್ನೆ ಮಾಡುವರು. ಆ ಬಾಯಿ ಖಾಲಿಯಾಗುವುದರೊಳಗೆ ಕೇಳಿದವರ ಬಸ್ಸು ಬಂದಿರುತ್ತಿತ್ತು.

“ಇಷ್ಟೊಂದು ಹೊಟ್ಟೇಲಿ ಹೆಂಗಕ್ಕ ಇಟ್ಕೊಂಡಿದ್ದೀರಿ?” ಎಂದು ಒಮ್ಮೆ ಕೇಳಿದ್ದೆ.

“ಒಟ್ಟೇಲಿ ಯಾರಿಟ್ಕೊತಾರಣ್ಣ? ಬಾಯಿ ತುಂಬಿದ್ರೆ ಮಾತು ಈಚ್ಗೆ ಬರಾಕಿಲ್ಲ, ಅಷ್ಟೇಯ.”

ನನ್ನ ಮಗಳಿಗೆ ಹುಣಸೂರು ಕಡೆಯ ಸಂಬಂಧ ತಂದವರೂ ಅವರೇ. ಮಗಳಿಗೆ ಮೊದಲು ರಾವಂದೂರಿನಲ್ಲಿ ನಿಶ್ಚಿತಾರ್ಥವಾಗಿ ಮುರಿದುಹೋಗಿತ್ತು. ಈ ಹುಡುಗನಿಗೂ ಅವನ ತಾಯಿಗೂ ಅದನ್ನು ಮೊದಲ ದಿನವೇ ಹೇಳಿದ್ದೆವು. ಗೊತ್ತಿಲ್ಲದಿದ್ದದ್ದು ಹುಡುಗನ ದೊಡ್ಡಪ್ಪನವರಿಗೆ. ಅವರು ಹೂಂ ಎನ್ನದೆ ಆ ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಸಹ ಹಾಕುವುದಿಲ್ಲ. “ಅವ್ರಿಗೆ ಈಗ್ಲೇ ತಿಳುದ್ರೆ ಮದ್ವೆ ನಿಂತೋಯ್ತದೆ. ತಾಳಿ ಕಟ್ಟಾದ್ಮೇಲೆ ನಾನೇ ಏಳ್ತೀನಿ, ಸುಮ್ನಿರಿ” ಎಂದಿದ್ದರು ಹುಡುಗನ ತಾಯಿ. ಸುಮ್ಮನಿದ್ದೆವು.

ಆಗ ನಾಡಿಗೆ ಒಂದು ಹೊಸ ಕಾರ್ಯಕ್ರಮ ಬಂತು. ಗುರುತು ಪರಿಚಯವಿಲ್ಲದವರನ್ನು ಒಂದೇ ಮನೆಯಲ್ಲಿ ಕೂಡಿಹಾಕಿ, ಅವರು ಕಿತ್ತಾಡುವುದನ್ನು ದಿನವೂ ಟಿವಿಯಲ್ಲಿ ತೋರಿಸುವುದು. ನಮ್ಮ ಕೂಡುಕುಟುಂಬಗಳು ಕ್ಯಾಮೆರಾ ಇಲ್ಲದೆಯೇ ನಡೆಸಿಕೊಂಡು ಬಂದ ಕೆಲಸ. ಅದೇ ಹೊತ್ತಿಗೆ ಬ್ರೋಕರಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ವರನಿಗೆ, “ಬೆಳ್ಳಗಿರೋಳೇ ಬೇಕು ಅಂತೀಯಲ್ಲಪ್ಪ, ಒಂದ್ಸಲಿ ಕನ್ನಡಿ ನೋಡ್ಕೊಂಡ್ ಬತ್ತೀಯಾ?” ಎಂದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಅದು ಮನೆಮನೆಗೆ ಹೋಯಿತು, ಚಾನೆಲ್ಲಿಗೂ ಹೋಯಿತು. ಮೊದಲ ಸೀಸನ್ನಿಗೆ ಅವರಿಗೆ ಕರೆ ಬಂತು. ಊರಿನವರು ‘ನಮ್ಮ ಹೆಮ್ಮೆ’ ಎಂದು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದರು.

ಹೆಮ್ಮೆ ಒಂದು ಸಂಜೆ ಬಾಳಿತು. ಮೊದಲ ಕಂತಿನಲ್ಲೇ, ಮನೆಯ ಬಾಗಿಲಲ್ಲಿ, ಒಳಗೆ ಉಗುಳುವ ಹಾಗಿಲ್ಲ ಎಂದು ಅವರ ಎಲೆಅಡಿಕೆ ಚೀಲವನ್ನು ಕಿತ್ತಿಟ್ಟುಕೊಂಡರು. ಕ್ಯಾಮೆರಾ ಹತ್ತಿರ ಬಂತು. ಎಡಗೆನ್ನೆ ಚಪ್ಪಟೆಯಾಗಿತ್ತು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಏಕಕಾಲಕ್ಕೆ ಊಟ ನಿಂತಿತು ಎಂದರೆ ಉತ್ಪ್ರೇಕ್ಷೆಯಲ್ಲ. ನನ್ನ ಹೆಂಡತಿ, “ರೀ, ಆ ಬಾಯಿಗೆ ಇನ್ನು ಬೀಗ ಎಲ್ಲಿಂದ ತರೋದು?” ಎಂದಳು.

ಮರುವಾರ ಲಗ್ನಪತ್ರಿಕೆಯ ಒಕ್ಕಣೆ ತೋರಿಸಲು ದೊಡ್ಡಪ್ಪನವರ ಮನೆಗೆ ಹೋದೆ. ಅವರು ಟಿವಿಯ ಮುಂದಿದ್ದರು. “ಬನ್ನಿ ಬನ್ನಿ, ನಮ್ ಬ್ರೋಕರಮ್ಮುನ್ನ ತೋರುಸ್ತಾವ್ರೆ” ಎಂದು ಪಕ್ಕದಲ್ಲೇ ಕೂರಿಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಹುಡುಗನ ತಾಯಿ ಕಾಫಿ ಲೋಟ ಹಿಡಿದು ನಿಂತಿದ್ದರು.

ಟಿವಿಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ನಡುವೆ ಒಂದು ತಟ್ಟೆ ಚಪಾತಿ. ಆ ಹೊತ್ತಿಗೆ ಅವರಿಗೆಲ್ಲ ಕೊಟ್ಟ ರೇಷನ್ನು ಅಷ್ಟೇ. ಪಕ್ಕದ ಸ್ಟೂಲಿನ ಮೇಲೆ, ಆಹಾ, ಅದೇ ಎಲೆಅಡಿಕೆ ಚೀಲ. ಜೊತೆಯ ಸ್ಪರ್ಧಿಯೊಬ್ಬ ಚಾನೆಲ್ಲಿನವರು ಕಳಿಸಿದ ಟಾಸ್ಕಿನ ಚೀಟಿ ಓದಿದ: “ಅಮ್ಮಾ, ಈಗ ನೀವು ಮಾಡಿಸ್ತಾ ಇರೋ ಮದುವೇಲಿ ಮುಚ್ಚಿಟ್ಟಿರೋ ಒಂದು ವಿಷಯ ಹೇಳಿ. ಹೇಳಿದ್ರೆ ಚೀಲ ವಾಪಸ್ಸು.”

ಬ್ರೋಕರಮ್ಮ ಚೀಲವನ್ನು ನೋಡಿದರು. ಎಂಟು ದಿನದ ಉಪವಾಸದ ನೋಟ ಅದು. ತುಟಿ ಒಮ್ಮೆ ಅಲುಗಿತು.

“ಅಂಗಾರೆ ಏನೋ ಐತೆ ಅನ್ನು!” ಎಂದು ದೊಡ್ಡಪ್ಪನವರು ಮುಂದಕ್ಕೆ ಬಾಗಿದರು. ನಾನು ಲಗ್ನಪತ್ರಿಕೆಯನ್ನು ಮಡಿಸಿದೆ.

ಬ್ರೋಕರಮ್ಮ ಕೈ ಚಾಚಿದರು. ಚೀಲದ ಕಡೆಗಲ್ಲ. ಒಂದು ಚಪಾತಿಯನ್ನು ಎಲೆ ಮಡಿಸಿದ ಹಾಗೆ ಮಡಿಸಿ ಇಡಿಯಾಗಿ ಬಾಯಿಗಿಟ್ಟು, ಸುಣ್ಣವಿಲ್ಲದ ಬೆರಳೆತ್ತಿದರು. ಎಡಗೆನ್ನೆ ಉಬ್ಬಿತು. ಚೀಟಿಯವನು ಕಾದು ಮತ್ತೆ ಕೇಳಿದ; ಇನ್ನೊಂದು ಚಪಾತಿ ಹೋಯಿತು. ಮತ್ತೆ ಕೇಳಿದ, ಮತ್ತೊಂದು. ಉಳಿದವರು ತಟ್ಟೆ ಎಳೆದುಕೊಳ್ಳಲು ಎದ್ದರು, ಕೂಗಾಡಿದರು. ಟಾಸ್ಕಿನ ಗಂಟೆ ಹೊಡೆಯುವಷ್ಟರಲ್ಲಿ ತಟ್ಟೆ ಬರಿದಾಗಿತ್ತು.

ದೊಡ್ಡಪ್ಪನವರು ತೊಡೆ ತಟ್ಟಿ ನಕ್ಕರು. “ಏನ್ ಒಟ್ಟೆಬಾಕಿ ಕಣ್ರೀ ಈವಮ್ಮ! ಮದ್ವೇಲಿ ಇವಳ್ಗೆ ಬ್ಯಾರೇ ಪಂಕ್ತಿ ಆಕುಸ್ಬೇಕು.” ನಾನು ನಗುವ ಪ್ರಯತ್ನ ಮಾಡಿದೆ. ಕಾಫಿ ಬಂತು, ಅರ್ಧ ಚೆಲ್ಲಿತ್ತು. ಅಷ್ಟು ರುಚಿಯಾದ ಅರ್ಧ ಲೋಟ ಕಾಫಿಯನ್ನು ನಾನು ಮತ್ತೆ ಕುಡಿದಿಲ್ಲ.

ಆ ವಾರ ಟಿವಿ ಮನೆಯವರೆಲ್ಲ ಒಮ್ಮತದಿಂದ ಬ್ರೋಕರಮ್ಮನನ್ನೇ ಹೊರಹಾಕಲು ನಾಮಿನೇಟ್ ಮಾಡಿದರು. ಅವರನ್ನು ಉಳಿಸುವ ವೋಟು ನಮ್ಮೂರಿಂದಲೂ ಅಷ್ಟಾಗಿ ಬೀಳಲಿಲ್ಲವಂತೆ. ತನಿಖೆ ಮಾಡಲು ಯಾರೂ ಮುಂದಾಗಲಿಲ್ಲ.

ವಾಪಸ್ಸು ಬಂದ ದಿನ ಒಂದು ಕವಳಿಗೆ ಮೈಸೂರು ಚಿಗುರೆಲೆ ತೆಗೆದುಕೊಂಡು ಹೋದೆ. “ಅಕ್ಕ, ನಮ್ಮಿಂದ ನಿಮಗೆ…” ಎಂದೆ.

“ಅಯ್ಯೋ ಬುಡಣ್ಣ, ಆ ಚಪಾತಿ ನೆಟ್ಗೆ ಬೆಂದೂ ಇರ್ಲಿಲ್ಲ” ಎಂದರು. ಎರಡು ಎಲೆ ಮಡಿಸಿ ಬಾಯಿಗಿಟ್ಟು ಬೆರಳೆತ್ತಿದರು. ಮಾತು ಅಲ್ಲಿಗೆ ಮುಗಿಯಿತು.

ಮಗಳ ಮದುವೆಯಲ್ಲಿ ದೊಡ್ಡಪ್ಪನವರೇ ಮುಂದೆ ನಿಂತು ಬ್ರೋಕರಮ್ಮನವರಿಗೆ ಬಡಿಸಿದರು. ಆಮೇಲೆ ಒಂದು ದಿನ ಬೀಗಿತ್ತಿ ಮಾತು ಕೊಟ್ಟಂತೆ ರಾವಂದೂರಿನ ವಿಷಯ ಹೇಳಿದಾಗ, ದೊಡ್ಡಪ್ಪನವರು ಟಿವಿಯಿಂದ ಕಣ್ಣು ತೆಗೆಯದೆ, “ಆಯ್ತು ಬುಡವ್ವ, ಅದುಕ್ಕೇನೀಗ” ಎಂದರಂತೆ.

ಎಷ್ಟು ಮನೆಗಳು ಆ ತಟ್ಟೆಗೆ ಋಣಿಯೋ ನನಗೆ ಗೊತ್ತಿಲ್ಲ, ನಮ್ಮದಂತೂ ಹೌದು. ಕಾರ್ಯಕ್ರಮದ ಪ್ರಕಾರ, ಮೊದಲ ಸೀಸನ್ನಿನಲ್ಲಿ ಎಲ್ಲರಿಗಿಂತ ಮೊದಲು ಹೊರಬಿದ್ದವರು ಬ್ರೋಕರಮ್ಮ. ಕಾರಣ: ಇತರರ ಪಾಲಿನ ಚಪಾತಿ ತಿಂದದ್ದು.