ಕಣ್ಣ ಕೆಳಗಿನ ಕಪ್ಪು

ಗುಬ್ಬಿಯ ಓಣಿಯೊಂದರಲ್ಲಿ ಹಿಂದಿನಿಂದ ಓಡಿಬಂದು, ನನ್ನ ಮುಂದೆ ನಡೆಯುತ್ತಿದ್ದ ಅಜ್ಜಿಯೊಬ್ಬರ ಸರ ಕಿತ್ತವನು ತಿರುಗಿ ನನ್ನ ಹೊಟ್ಟೆಗೆ ಚಾಕು ಹಿಡಿದ. ಮೊಳದಷ್ಟು ದೂರದಲ್ಲಿ ಅವನ ಮುಖ. ಮರುಕ್ಷಣ ಓಡಿಹೋದ. ಈಗಲೂ ಬೆನ್ನ ಹಿಂದೆ ಚಪ್ಪಲಿ ಸದ್ದಾದರೆ ಹೊಟ್ಟೆಗೆ ಬ್ಯಾಗು ಅಡ್ಡ ಹಿಡಿಯುತ್ತೇನೆ.

ಅಜ್ಜಿಯನ್ನು ಅವರ ಮಗಳು ಬಂದು ಕರೆದುಕೊಂಡು ಹೋದ ಮೇಲೆ ತುಮಕೂರಿನ ಬಸ್ಸು ಹತ್ತಿದೆ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಬ್ಯಾಗಿನಲ್ಲಿ ಸ್ಕೆಚ್ ಪುಸ್ತಕವಿತ್ತು. ಕೈಗೆ ಸಿಕ್ಕಿದ್ದು ಟೂ ಎಚ್ ಪೆನ್ಸಿಲ್. ಗಟ್ಟಿ ಸೀಸ, ಎಷ್ಟು ಒತ್ತಿದರೂ ತೆಳು ಬೂದು ಗೆರೆಯಷ್ಟೇ. ಆ ಮುಖ ಗೀಚಿದೆ. ನೆನಪಿಲ್ಲದ ಕಡೆ ಕಾಗದವನ್ನು ಖಾಲಿ ಬಿಟ್ಟೆ.

ಮಾರನೆಯ ದಿನ ಪೊಲೀಸ್ ಠಾಣೆಯಲ್ಲಿ ಕಳ್ಳನ ಚಿತ್ರ ಬರೆದುಕೊಡಿ ಎಂದು ದೊಡ್ಡ ಹಾಳೆ ಕೊಟ್ಟರು. ಸಿಕ್ಸ್ ಬಿ ತೆಗೆದೆ. ಅದು ಮೆತ್ತನೆಯ ಸೀಸ. ಬೆರಳಲ್ಲಿ ಉಜ್ಜಿದರೆ ಹೊಗೆಯಂತೆ ಹರಡುತ್ತದೆ.

"ಕಣ್ಣ್ ಕೆಳಗೆ ಇನ್ನೊಂಚೂರು ಕಪ್ಪು ಹೊಡೀರಿ ಮೇಡಂ. ಒಳ್ಳೆ ಮದ್ವೆ ಗಂಡು ಥರ ಅವ್ನೆ," ಎಂದು ಪೇದೆ ನಕ್ಕರು.

ಹೊಡೆದೆ. ಮುಖ ಕ್ರೂರವಾಯಿತು. ನೋಡಿ ನನಗೇ ಹೆದರಿಕೆಯಾಯಿತು. ಹೆದರಿಕೆಯಾಯಿತೆಂದೇ ಚಿತ್ರ ಸರಿಯಾಗಿದೆ ಅನ್ನಿಸಿತು. ಖಾಲಿ ಇದ್ದಲ್ಲೆಲ್ಲ ನೆರಳು ತುಂಬಿದೆ.

ನಾಲ್ಕು ದಿನಕ್ಕೆ ಕುಣಿಗಲ್ ಕಡೆಯ ಒಬ್ಬನನ್ನು ಕರೆತಂದು ನನಗೆ ಹೇಳಿಕಳಿಸಿದರು. ಹಾಳೆಯ ಮುಖವೇ ಎದ್ದು ಬಂದು ನಿಂತಂತಿತ್ತು.

"ಇವ್ನೇನಾ ಮೇಡಂ?"

"ನಾನಲ್ಲ ಕಣಕ್ಕಾ," ಎಂದು ಅವನು ಕೈಮುಗಿದ. "ಲಾರಿ ಓಡಿಸ್ತೀನಿ. ನಿದ್ದೆಗೆಟ್ಟು ಕಣ್ಣು ಹಿಂಗಾಗೈತೆ."

ಓಣಿಯಲ್ಲಿ ಕಂಡ ಮುಖವನ್ನು ನೆನೆಸಿಕೊಳ್ಳಲು ನೋಡಿದೆ. ಬರಲಿಲ್ಲ. ನಾನು ಬರೆದ ಮುಖವೇ ಮತ್ತೆ ಮತ್ತೆ ಬಂತು. 'ಹೌದು' ಎನ್ನುವುದು ತುಟಿಯವರೆಗೆ ಬಂದಿತ್ತು.

ಯಾಕೋ ಸ್ಕೆಚ್ ಪುಸ್ತಕ ತೆಗೆದೆ. ಬಸ್ಸಿನಲ್ಲಿ ಗೀಚಿದ ಮುಖದಲ್ಲಿ ಎಡಹುಬ್ಬು ನಡುವೆ ತುಂಡಾಗಿತ್ತು. ಪಕ್ಕದಲ್ಲಿ 'ಗಾಯದ ಗುರುತು' ಎಂದು ನಾನೇ ಬರೆದಿದ್ದೆ. ದೊಡ್ಡ ಹಾಳೆಯಲ್ಲಿ ಅದರ ಮೇಲೂ ಕಪ್ಪು ಉಜ್ಜಿಬಿಟ್ಟಿದ್ದೆ. ಎದುರಿಗಿದ್ದವನ ಹುಬ್ಬುಗಳೆರಡೂ ಇಡಿಯಾಗಿದ್ದವು.

"ಇವರಲ್ಲ," ಎಂದೆ. ಪುಸ್ತಕದಲ್ಲಿದ್ದ ಹುಬ್ಬನ್ನು ಪೇದೆಗೆ ತೋರಿಸಿ ಇನ್ನೊಮ್ಮೆ ಹೇಳಿದೆ.

ಅವನನ್ನು ಬಿಟ್ಟರು. ನನ್ನತ್ತ ನೋಡದೆ ಹೊರಟುಹೋದ. ಆ ದೊಡ್ಡ ಚಿತ್ರವನ್ನು ವಾಪಸ್ ಕೊಡಿ ಎಂದು ಕೇಳಿದೆ.

"ತಗೊಂಡು ಏನ್ ಮಾಡ್ತೀರಾ? ವಾಟ್ಸಾಪಲ್ಲಿ ಎಲ್ಲಾ ಕಡೆ ಹೋಗೈತೆ," ಎಂದರು ಪೇದೆ.

ತುಮಕೂರಿನ ನಮ್ಮ ಉಪ್ಪಾರಹಳ್ಳಿಯ ಟೀ ಅಂಗಡಿಯಲ್ಲಿ ನಿದ್ದೆಗೆಟ್ಟ ಕಣ್ಣಿನವರು ಯಾರೇ ನಿಂತಿದ್ದರೂ ಈಗ ಸುತ್ತಲಿನವರ ಕೈಯತ್ತ ನೋಡುತ್ತೇನೆ. ಪಕ್ಕದಲ್ಲಿರುವವರು ಮೊಬೈಲು ಎತ್ತಿ ನಾನು ಬರೆದ ಚಿತ್ರಕ್ಕೂ ಅವರ ಮುಖಕ್ಕೂ ತಾಳೆ ನೋಡಿದರೆ?