ಪರದೆಯಾಚೆ ವೈದ್ಯರು, ಈಚೆ ಆರ್ಲಿಸ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಟನ್‌ವುಡ್ ಬೆಂಡ್ ಎಂಬ ಪುಟ್ಟ ಊರಿನ ಮಾಜಿ ಸೈನಿಕರ ಭವನದ ಮುಂದೆ ಆರ್ಲಿಸ್ ಟ್ವೈಟ್ ಹಿಮ ಎತ್ತುತ್ತಿದ್ದಾರೆ. ಎರಡು ಸಲ ಸಲಿಕೆ ಹಾಕುತ್ತಾರೆ, ನಿಂತು ರಸ್ತೆಯತ್ತ ನೋಡುತ್ತಾರೆ, ಮತ್ತೆ ಬಾಗುತ್ತಾರೆ. ಜೇಬಿನಲ್ಲಿ ಫೋನ್ ಗುಂಯ್ಗುಡುತ್ತಿದೆ. ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಫೋನನ್ನು ಕಿವಿಗಿಡುತ್ತಾರೆ.

"ಇಲ್ಲಪ್ಪ, ಇನ್ನೂ ಏನೂ ಹೇಳಿಲ್ಲ. ಗೊತ್ತಾದ್ರೆ ನಿಂಗೆ ಹೇಳ್ದೇ ಇರ್ತೀನಾ? ಮೊದ್ಲು ಏನಾದ್ರೂ ತಿನ್ನು."

ಫೋನ್ ಜೇಬಿಗೆ ಹೋಗುವಷ್ಟರಲ್ಲಿ ಮತ್ತೆ ಸದ್ದು.

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಹೀಗೆಯೇ. ನೋವಿಗೆ, ನಿದ್ದೆಗೆ, ಚಟ ಬಿಡಿಸುವುದಕ್ಕೆ ಕೊಡುವ ಕೆಲವು ಔಷಧಿಗಳ ಮೇಲೆ ಸರ್ಕಾರದ ಬಿಗಿ ಹತೋಟಿ ಇದೆ. ವೈದ್ಯರು ರೋಗಿಯನ್ನು ಒಮ್ಮೆಯಾದರೂ ಎದುರಿಗೆ ಕೂರಿಸಿಕೊಂಡು ನೋಡದೆ ಅವನ್ನು ಬರೆದುಕೊಡುವಂತಿಲ್ಲ ಎನ್ನುವುದು ಹಳೆಯ ಕಾನೂನು. ಕೋವಿಡ್ ಕಾಲದಲ್ಲಿ, ಪರದೆಯ ಮೇಲೆ ನೋಡಿದರೂ ಸಾಕು ಎಂದು ತಾತ್ಕಾಲಿಕವಾಗಿ ಸಡಿಲ ಬಿಟ್ಟರು. ಆ ಸಡಿಲಿಕೆಯ ಗಡುವು ವರ್ಷದ ಕೊನೆಗೆ ಮುಗಿಯುತ್ತ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಮುಂದಕ್ಕೆ ಹೋಗುತ್ತದೆ. ಮಾಜಿ ಸೈನಿಕರ ಮಟ್ಟಿಗಾದರೂ ಇದನ್ನು ಕಾಯಂ ಮಾಡಬೇಕೆಂಬ ಮಸೂದೆ ವಾಷಿಂಗ್ಟನ್‌ನಲ್ಲಿ ಸಮಿತಿಯ ಮುಂದೆ ಕೂತಿದೆ. ಅದು ಅಲ್ಲಿ ಕೂತಿರುವಷ್ಟು ದಿನ ಇಲ್ಲಿ ಯಾರಿಗೂ ಕೂತಲ್ಲಿ ಕೂರಲಾಗುವುದಿಲ್ಲ.

ಭವನದ ಬಾರ್‌ನ ಹಿಂದೆ, ಹಿಂದೊಮ್ಮೆ ಕೋಟು ತೂಗುಹಾಕುತ್ತಿದ್ದ ಕೋಣೆಯೇ ಆರ್ಲಿಸ್ ಅವರ ಕಾರ್ಯಕ್ಷೇತ್ರ. ಒಂದು ಪರದೆ, ಎರಡು ಕುರ್ಚಿ, ರಕ್ತದೊತ್ತಡ ನೋಡುವ ಯಂತ್ರ, ಗೋಡೆಗೆ ಒರಗಿಸಿದ ಬಿಸಿಗಾಳಿಯ ಹೀಟರ್. ಮನೆಯಲ್ಲಿ ಇಂಟರ್ನೆಟ್ ಸಿಗದ, ದನ ಸಾಕುವ ರ‍್ಯಾಂಚಿನವರು, ಸಿಕ್ಕರೂ ಹೆಂಡತಿ ಮಕ್ಕಳ ಮುಂದೆ ಬಾಯಿ ಬಿಡಲಾರದವರು ಇಲ್ಲಿಗೆ ಬರುತ್ತಾರೆ. ಆರ್ಲಿಸ್ ವೈದ್ಯರನ್ನು ಪರದೆಗೆ ಕರೆಸಿ, ಬಾಗಿಲೆಳೆದುಕೊಂಡು ಹೊರಗೆ ಕೂರುತ್ತಾರೆ.

"ಏನಮ್ಮ ಡಾಕ್ಟ್ರಮ್ಮ, ಇವತ್ತು ಬದುಕ್ತೀನಾ?" ಎನ್ನುತ್ತ ಬರುವವರು ಓರ್ವಿಲ್ ಬೆಕ್. ವಿಯೆಟ್ನಾಂ ಯುದ್ಧ ಕಂಡ ಮುದುಕ.

"ನಾನು ಡಾಕ್ಟ್ರಲ್ಲ, ಡಾಕ್ಟ್ರ ಟೀವಿ ಹಾಕೋಳು. ಬೂಟು ಒರೆಸ್ಕೊಂಡು ಒಳಗ್ ಬನ್ನಿ."

ಅರವತ್ತು ದಾಟಿರುವ ಆರ್ಲಿಸ್ ಮೊದಲು ಶಾಲಾ ಬಸ್ ಓಡಿಸುತ್ತಿದ್ದರು. ಮಕ್ಕಳು ಕಡಿಮೆಯಾಗಿ ಆ ದಾರಿಯ ಬಸ್ ನಿಂತಿತು. ಈ ಕೆಲಸಕ್ಕೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. "ನಮ್ಮಪ್ಪ ಕೊರಿಯಾ ಯುದ್ಧದಿಂದ ಬಂದ್ಮೇಲೆ ಒಂದ್ ಸಲಾನೂ ಡಾಕ್ಟ್ರ ಹತ್ರ ಹೋಗ್ಲಿಲ್ಲ. ಕೇಳಿದ್ರೆ ದೂರ ಅನ್ನೋನು. ಅವನು ಹೇಳ್ತಿದ್ದ ದೂರ ಮೈಲಿ ಲೆಕ್ಕದ್ದಲ್ಲ ಅಂತ ನಂಗೆ ಗೊತ್ತಾಗೋಕೆ ಬಹಳ ವರ್ಷ ಬೇಕಾಯ್ತು" ಎನ್ನುತ್ತಾರೆ.

ಅದೇ ದೂರ ಗ್ರೇಡಿ ಓಲ್‌ಸ್ಟಾಡ್‌ಗೂ ಇತ್ತು. ಇಲ್ಲಿ ಅವನ ಕತೆ ಬರೆಯುತ್ತಿರುವುದು ಅವನ ಒಪ್ಪಿಗೆಯಿಂದಲೇ. ಇರಾಕಿನಲ್ಲಿ ರಸ್ತೆಯ ಬಾಂಬು ಸಿಡಿದಾಗ ಅವನು ಟ್ರಕ್ಕಿನಲ್ಲಿ ಚಾಲಕನ ಪಕ್ಕದ ಸೀಟಿನಲ್ಲಿದ್ದ. ಬೆನ್ನು ಹೋಯಿತು. ಬೆನ್ನಿನ ಮಾತ್ರೆಯೇ ಚಟವಾಯಿತು. ಅದರಿಂದ ಹೊರಬರಲು ದೂರದ ರಾಜ್ಯದಲ್ಲಿರುವ, ಮಾಜಿ ಸೈನಿಕರ ಇಲಾಖೆಯ ಡಾಕ್ಟರ್ ಹಿಡಾಲ್ಗೊ ಪರದೆಯ ಮೇಲೆಯೇ ಅವನನ್ನು ನೋಡಿ, ನಾಲಿಗೆಯಡಿ ಇಟ್ಟುಕೊಳ್ಳುವ ಔಷಧಿ ಬರೆದುಕೊಡುತ್ತಿದ್ದರು. ಒಂದು ಚಳಿಗಾಲ, ಸಡಿಲಿಕೆ ಇದೆಯೋ ಹೋಯಿತೋ ಎಂಬ ಗೊಂದಲದಲ್ಲಿ ಔಷಧಿ ಅಂಗಡಿಯವರು ಅದನ್ನು ತಡೆಹಿಡಿದರು. ಕೆಲವೇ ದಿನಗಳಲ್ಲಿ ಗ್ರೇಡಿ ಕಳ್ಳಸಂತೆಯ ಮಾತ್ರೆ ನುಂಗಿದ. ಭವನದ ಹಿಂದೆ ನಿಂತಿದ್ದ ಅವನ ಗಾಡಿಯಲ್ಲಿ ತುಟಿ ನೀಲಿಗಟ್ಟಿ ಬಿದ್ದಿದ್ದವನ ಮೂಗಿಗೆ ಪ್ರಾಣ ಉಳಿಸುವ ಔಷಧಿ ಸಿಂಪಡಿಸಿದವರು ಆರ್ಲಿಸ್.

"ಅವತ್ತಿಂದ ಕಸದ ಚೀಲ ಹಾಕೋಕೆ ಹೋದ್ರೂ ಹಿಂದುಗಡೆ ನಿಂತಿರೋ ಗಾಡಿಗಳನ್ನೆಲ್ಲ ಇಣುಕಿ ನೋಡ್ತೀನಿ" ಎನ್ನುತ್ತಾರೆ ಅವರು.

ಹೋದ ವರ್ಷ ಮತ್ತೆ ಗಡುವು ಬಂತು. ಡಾಕ್ಟರ್ ಹಿಡಾಲ್ಗೊ ಪರದೆಯಲ್ಲಿ ನೇರವಾಗಿ ಹೇಳಿದರು: "ಸಡಿಲಿಕೆ ಹೋದ್ರೆ ನನ್ನ ಕೈ ಕಟ್ಟಿಹೋಗುತ್ತೆ, ಗ್ರೇಡಿ. ಅದಕ್ಕೆ ಮೊದ್ಲು ನಮ್ಮ ಇಲಾಖೆಯ ಯಾರಾದ್ರೂ ಒಬ್ಬ ಡಾಕ್ಟ್ರು ನಿಮ್ಮನ್ನ ಎದುರಿಗೆ ನೋಡಿಬಿಡಲಿ, ಆಮೇಲೆ ನಾನೇ ಬರೆದುಕೊಡಬಹುದು. ಬಿಲ್ಲಿಂಗ್ಸ್ ಆಸ್ಪತ್ರೆಗೆ ಹೋಗಿ ಬನ್ನಿ."

ಗ್ರೇಡಿ ಆಗಲ್ಲ ಎಂದ. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತರೆ ಅವನಿಗೆ ಉಸಿರು ಕಟ್ಟುತ್ತದೆ. ಹಿಂದೆ ಆಸ್ಪತ್ರೆಯ ವ್ಯಾನಿನಲ್ಲಿ ಹೊರಟವನು ಅರ್ಧ ದಾರಿಯಲ್ಲಿ ಇಳಿದು ಹೆದ್ದಾರಿಯ ಅಂಚಿನಲ್ಲಿ ನಡೆದೇ ವಾಪಸಾಗಿದ್ದ. ಒಬ್ಬನೇ ಓಡಿಸಿಕೊಂಡು ಹೊರಟರೂ ಅಷ್ಟೇ, ಯಾವುದಾದರೂ ಸೇತುವೆ ಕಂಡ ಕೂಡಲೇ ಆ ಬಾಂಬಿನ ನೆನಪಾಗಿ ಗಾಡಿ ಹಿಂದಕ್ಕೆ ತಿರುಗುತ್ತಿತ್ತು. ಆಸ್ಪತ್ರೆಯ ವ್ಯಾನನ್ನು ಅವನೇ ಓಡಿಸಲಿ ಎಂದರೆ, ನೇಮಕದ ಚಾಲಕರಲ್ಲದೆ ಬೇರೆಯವರು ಅದನ್ನು ಮುಟ್ಟುವಂತಿಲ್ಲ.

ಆರ್ಲಿಸ್ ಎರಡು ದಿನ ಭವನದ ಉದ್ದಗಲ ಓಡಾಡಿದರು. ಮೂರನೆಯ ಬೆಳಿಗ್ಗೆ ತಮ್ಮ ಸ್ವಂತ ಪಿಕಪ್ಪಿನ ಕೀಲಿಯನ್ನು ಅವನ ಮುಂದೆ ಹಿಡಿದರು. ಅದನ್ನು ಅವರು ಒಡಹುಟ್ಟಿದ ತಮ್ಮನಿಗೂ ಕೊಟ್ಟವರಲ್ಲ.

"ನೀನು ಓಡಿಸು. ನಾನು ಪಕ್ಕದಲ್ಲಿ ಕೂತ್ಕೋತೀನಿ."

"ದಾರೀಲಿ ನಾನು ನಿಲ್ಲಿಸಿಬಿಟ್ರೆ?"

"ನಿಲ್ಲಿಸು. ನಂಗೇನು ಮದುವೆಗೆ ಹೋಗೋದಿದೆಯಾ?"

ನಿಲ್ಲಿಸಿದ. ಮೇಲ್ಸೇತುವೆ ಕಾಣುತ್ತಲೇ ಗಾಡಿಯನ್ನು ಅಂಚಿಗೆ ತಂದು, ಸ್ಟೀರಿಂಗ್ ಮೇಲೆ ಹಣೆಯಿಟ್ಟ. ಪಕ್ಕದಲ್ಲಿ ಲಾರಿಗಳು ಹಾದಾಗೆಲ್ಲ ಪಿಕಪ್ಪು ನಡುಗುತ್ತಿತ್ತು. ಆರ್ಲಿಸ್ ಧೈರ್ಯ ಹೇಳಲಿಲ್ಲ. ತಮ್ಮ ಕೋಳಿಗಳ ಸುದ್ದಿ ತೆಗೆದರು. ಯಾವುದು ಮೊಟ್ಟೆ ನಿಲ್ಲಿಸಿದೆ, ಯಾವುದು ಯಾವುದನ್ನು ಕುಕ್ಕುತ್ತದೆ, ಎಲ್ಲ. "ಜೀವನವೆಲ್ಲ ಸ್ಟೀರಿಂಗ್ ಹಿಡಿದೋಳು ನಾನು, ಕೈ ಎಲ್ಲಿಡ್ಬೇಕು ಅಂತಾನೇ ತಿಳೀಲಿಲ್ಲ" ಎಂದು ಈಗ ನಗುತ್ತಾರೆ. ಗ್ರೇಡಿ ಕೊನೆಗೆ ತಲೆ ಎತ್ತಿ, "ಆ ಕುಕ್ಕೋ ಕೋಳೀನ ಸಾರು ಮಾಡ್ಬಾರ್ದಾ?" ಎಂದವನೇ ಗಾಡಿ ಹೊರಡಿಸಿದ. ಸೇತುವೆ ಹಿಂದೆ ಬಿತ್ತು.

ಬಿಲ್ಲಿಂಗ್ಸ್‌ನಲ್ಲಿ ವೈದ್ಯರು ಕೈ ಕುಲುಕಿದರು, ನಾಡಿ ಹಿಡಿದರು, ಬೆನ್ನು ಮುಟ್ಟಿ ನೋಡಿದರು, ನಾಲ್ಕು ಪ್ರಶ್ನೆ ಕೇಳಿದರು. ಹೊರಗೆ ಬಂದ ಗ್ರೇಡಿಯ ಮುಖ ಕೆಂಪಾಗಿತ್ತು. "ಇಷ್ಟಕ್ಕಾ ಇಷ್ಟೆಲ್ಲ?" ಎಂದ. ದಾರಿಯ ಹೋಟೆಲಿನಲ್ಲಿ ಚೆರ‍್ರಿ ಪೈ ತಿನ್ನುವಾಗಲೂ ಅವನ ಮೊಣಕಾಲು ಮೇಜಿನಡಿ ಕುಣಿಯುತ್ತಲೇ ಇತ್ತಂತೆ.

ಊರಿಗೆ ಮರಳಿದ ವಾರದಲ್ಲೇ ಸುದ್ದಿ ಬಂತು. ಸಡಿಲಿಕೆ ಮತ್ತೆ ಮುಂದಕ್ಕೆ ಹೋಗಿತ್ತು. ಗ್ರೇಡಿ ಭವನಕ್ಕೆ ಬಂದು ಬಾಗಿಲಲ್ಲೇ ನಿಂತ.

"ಹಾಗಾದ್ರೆ ಸುಮ್ನೆ ಹೋಗಿ ಬಂದ್ವಾ?"

"ನೀನು ಹೋದ್ಯಲ್ಲ. ಬಂದ್ಯಲ್ಲ. ಅದನ್ನ ಯಾವ ಕಾನೂನೂ ವಾಪಸ್ ತಗೊಳಲ್ಲ" ಎಂದರು ಆರ್ಲಿಸ್.

ಒಂದೆರಡು ತಿಂಗಳ ಮೇಲೆ ಗ್ರೇಡಿಯೇ ಫೋನ್ ಮಾಡಿದ: ಓರ್ವಿಲ್ ಇನ್ನೂ ಬಿಲ್ಲಿಂಗ್ಸ್‌ಗೆ ಹೋಗಿಲ್ಲವಂತೆ, ಕರೆದುಕೊಂಡು ಹೋಗಲೇ? ಈಗ ಹಾಗೆ ಹೋಗಿ ಬಂದವರು ಹಲವರಿದ್ದಾರೆ. ಆದರೂ ಉಳಿದವರಿದ್ದಾರೆ. ಬರಲೊಲ್ಲದವರಿದ್ದಾರೆ. ಗಡುವು ಮತ್ತೆ ಹತ್ತಿರ ಬಂದಿದೆ, ಮಸೂದೆ ಇದ್ದಲ್ಲೇ ಇದೆ. ನಾನು ಮಾತಾಡಿಸುತ್ತಿರುವಾಗಲೂ ಆರ್ಲಿಸ್ ಕೂತು ಮಾತು ಮುಗಿಸಿದ್ದಿಲ್ಲ. ಕಿಟಕಿಗೆ ಹೋಗುತ್ತಾರೆ, ಹೀಟರ್ ಮುಟ್ಟಿ ನೋಡುತ್ತಾರೆ, ಒಳಗೆ ಮಾತು ನಿಂತಿತೇ ಎಂದು ಬಾಗಿಲಿಗೆ ಕಿವಿ ತಿರುಗಿಸಿ, ಮತ್ತೆ ನಾಚಿ ಹಿಂದೆ ಸರಿಯುತ್ತಾರೆ.

ಇಷ್ಟು ವರ್ಷದಲ್ಲಿ ಸಮಾಧಾನ ಅನ್ನಿಸಿದ್ದೇನು ಎಂದು ಕೇಳಿದೆ. ಕಾಯುವವರ ಬೆಂಚಿನ ಕಡೆ ನೋಡಿದರು. ಅಲ್ಲಿ ಯಾರೋ ಕೆಮ್ಮುತ್ತಿದ್ದರು, ಇನ್ಯಾರೋ ಕಾಫಿ ಸರಿಯಿಲ್ಲವೆಂದು ಗೊಣಗುತ್ತಿದ್ದರು.

"ಹೋದ ಡಿಸೆಂಬರಲ್ಲಿ ಇದ್ದೋರೆಲ್ಲ ಈ ಡಿಸೆಂಬರಲ್ಲೂ ಇದ್ದಾರೆ" ಎಂದು ಹೇಳಿ, ಮುಂದಿನವರ ಹೆಸರು ಕೂಗಿದರು.